ಕೊರಳಿಗೆ ಬಿದ್ದ ಚಕ್ರವರ್ತಿಗಳು

ಶ್ರೀರಾಂಪುರದ ನಮ್ಮ ಬೀದಿಯಲ್ಲಿ ಈಗ ಯುರೋಪು ನೋಡದವರೇ ಕಡಿಮೆ. ನಿವೃತ್ತಿಯ ದುಡ್ಡು ಕೈಗೆ ಬಂದದ್ದೇ ತಡ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಕಟ್ಟಿಕೊಂಡು ಹೊರಟೇಬಿಡುತ್ತಾರೆ. ಬಂದ ಮೇಲೆ ವಾಕಿಂಗಿನ ದಾರಿಯುದ್ದಕ್ಕೂ ಅವರ ಮೊಬೈಲಿನಲ್ಲಿ ಕೊಲೋಸಿಯಂ ನೋಡುವ ಸರದಿ ನನ್ನದು. "ನೀವೂ ಒಂದ್ಸಲ ರೋಮ್ ನೋಡ್ಬೇಕು ಸಾರ್!" ನೋಡಬಹುದು, ಮಂಡಿ ಒಪ್ಪಬೇಕಲ್ಲ. ನಾನು ಚಿತ್ರದುರ್ಗಕ್ಕೆ ಹೋಗಿಬಂದೆ.

ತಮಾಷೆಗೆ ಹೇಳುತ್ತಿಲ್ಲ. ಕೋಟೆಯ ಬೆಟ್ಟದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕಿವೆ. 1929ರಲ್ಲಿ ಅಲ್ಲಿ ಅಗೆಸಿದವರು ನಮ್ಮ ಮೈಸೂರಿನ ಡಾ. ಎಂ. ಎಚ್. ಕೃಷ್ಣ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಬಂದ. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ; ಅವನ ನಾಣ್ಯವಿದ್ದ ಮಣ್ಣಿನ ಪದರ ಅದಕ್ಕಿಂತ ಹಳೆಯದಾಗಿರುವಂತಿಲ್ಲ. ಶಾತವಾಹನರ ಕಾಲದ ಮಡಕೆ ಚೂರುಗಳಿಗೆ ರೋಮಿನ ದೊರೆ ಜನ್ಮಪತ್ರಿಕೆ ಬರೆದುಕೊಟ್ಟಂತಾಯಿತು. ಈಗ ಅಲ್ಲಿ ಕೆರೆ ಇದೆ, ಬಂಡೆಯ ಮೇಲೆ ಮಯೂರಶರ್ಮನ ಶಾಸನವಿದೆ, ತಲೆ ತಗ್ಗಿಸಿ ನುಗ್ಗಬೇಕಾದ ಅಂಕಲಿ ಮಠದ ಗುಹೆಗಳಿವೆ. ರೋಮಿನದೆಂದು ಬೆರಳು ತೋರಿಸಲು ಒಂದು ಮುರುಕು ಕಂಬವೂ ಇಲ್ಲ. ನನಗೇನೂ ಬೇಸರವಾಗಲಿಲ್ಲ.

ನನ್ನ ಆಸೆ ಇನ್ನೊಂದು ಊರಿನ ಮೇಲೆ. ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ನಲವತ್ತಕ್ಕೂ ಹೆಚ್ಚು ಚಿನ್ನದ ನಾಣ್ಯಗಳು ಒಟ್ಟಿಗೆ ಸಿಕ್ಕಿದ್ದವು. ಹೆಚ್ಚಿನವು ಐದು, ಆರನೆಯ ಶತಮಾನದವು. ಆಗ ರೋಮನ್ನರ ರಾಜಧಾನಿ ಕಾನ್‌ಸ್ಟಾಂಟಿನೋಪಲ್, ನಮ್ಮ ಕಡೆ ಬನವಾಸಿಯಲ್ಲಿ ಕದಂಬರು. ಅಲ್ಲಿನ ಒಂದು ನಾಣ್ಯದ ಮೇಲೆ ಚಕ್ರವರ್ತಿ ಎರಡನೆಯ ಥಿಯೋಡೋಸಿಯಸ್ ಶಿರಸ್ತ್ರಾಣ ತೊಟ್ಟು, ಹೆಗಲ ಮೇಲೆ ಈಟಿ ಇಟ್ಟು ಗತ್ತಿನಿಂದ ನೋಡುತ್ತಿದ್ದಾನೆ. ಅವನ ತಲೆಯ ಮೇಲ್ಗಡೆ ಒಂದರ ಪಕ್ಕ ಒಂದು ಎರಡು ತೂತು! ಒಂದೇ ತೂತಾದರೆ ದಾರದಲ್ಲಿ ನಾಣ್ಯ ಹೊರಳಿಕೊಳ್ಳುತ್ತದೆ. ಎರಡಿದ್ದರೆ ಮುಖ ಮುಂದಕ್ಕೇ ನಿಲ್ಲುತ್ತದೆ, ತಲೆಕೆಳಗಾಗುವುದಿಲ್ಲ. ದಕ್ಷಿಣ ಭಾರತದಲ್ಲಿ ಸಿಕ್ಕ ಈ ಕಾಲದ ನಾಣ್ಯಗಳಲ್ಲಿ ಇಂಥ ಜೋಡಿ ತೂತು ಮಾಮೂಲು. ಕೊರೆದ ಅಕ್ಕಸಾಲಿ ಕಸುಬು ಬಲ್ಲವನು.

ಅದಕ್ಕೂ ಹಿಂದೆಯೇ, ಮೊದಲನೆಯ ಶತಮಾನದಲ್ಲಿ, ರೋಮಿನ ಲೇಖಕ ಪ್ಲಿನಿ ಗೊಣಗಿದ್ದ: ಭಾರತ, ಚೀನಾ, ಅರೇಬಿಯಾ ಸೇರಿ ವರ್ಷಕ್ಕೆ 10 ಕೋಟಿ ಸೆಸ್ಟರ್ಸ್ ಸೆಳೆದುಕೊಳ್ಳುತ್ತಿವೆ, ಶೋಕಿಗೂ ಹೆಂಗಸರಿಗೂ ಇಷ್ಟೊಂದು ಖರ್ಚೇ ಎಂದು. ಅವರ ಹೆಂಗಸರ ಶೋಕಿಗೆಂದು ಹೊರಟ ದುಡ್ಡು ನಮ್ಮ ಹೆಂಗಸರ ಕೊರಳಿಗೂ ಬೀಳಬಹುದೆಂದು ಆ ಮುದುಕನಿಗೆ ಹೊಳೆದಿರಲಾರದು.

ನಮ್ಮಜ್ಜಿಯ ಕಾಸಿನ ಸರದಲ್ಲೂ ಒಬ್ಬ ಚಕ್ರವರ್ತಿ ಇದ್ದ, ಗಡ್ಡದ ಏಳನೇ ಎಡ್ವರ್ಡ್. ಅವನು ಯಾರೆಂದು ಅಜ್ಜಿ ಕೇಳಿದವಳಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಅಂಟವಾಳದ ನೊರೆಯಲ್ಲಿ ಅದ್ದಿ, ಹಳೇ ಬ್ರಷ್ಷಿನಲ್ಲಿ ಅವನ ಗಡ್ಡದ ಸಂದಿಯ ಕೊಳೆ ತಿಕ್ಕುತ್ತಿದ್ದಳು. ಕೊಂಡಿ ಸವೆದು ಅವನು ಬೆನ್ನು ತಿರುಗಿಸಿದರೆ ಮಾತ್ರ ಸಿಟ್ಟು: "ನೆಟ್ಟಗೆ ನಿಲ್ಲೋಕ್ಕೆ ಏನು ರೋಗ ಇದಕ್ಕೆ!"

ಆ ಸರ ಈಗಿಲ್ಲ. ಅತ್ತೆಯಂದಿರಿಗೆ ಪಾಲಾಗಿ, ಒಬ್ಬೊಬ್ಬರ ಮನೆಯ ಮದುವೆಗೂ ಕರಗಿ ಬಳೆಯಾಯಿತು, ಓಲೆಯಾಯಿತು. ಅಕ್ಕಿಆಲೂರಿನ ಗಂಟಿಗೆ ಆ ಗತಿ ಬರಲಿಲ್ಲ, ಏಕೆಂದರೆ ಹೂತಿಟ್ಟವರು ತೆಗೆಯಲು ಮತ್ತೆ ಬರಲಿಲ್ಲ. ಬಂದಿದ್ದರೆ ಥಿಯೋಡೋಸಿಯಸ್ಸೂ ಎಂದೋ ಯಾರದೋ ಮಗಳ ಮದುವೆಗೆ ಮೂಸೆಗೆ ಬೀಳುತ್ತಿದ್ದ.