ಭಾಗಾಕಾರದ ಪಟ್ಟ

ಕುಸ್ತಿಯಲ್ಲಿ ಗೆದ್ದವನ ಕೈಗೆ ಗದೆಯಾದರೂ ಬರುತ್ತದೆ. ಕಂಬಳದ ‘ಅತಿ ವೇಗದ ಓಟಗಾರ’ನ ಪಟ್ಟಕ್ಕಿರುವುದು ಒಂದು ಭಾಗಾಕಾರ ಮಾತ್ರ.

2020ರ ಫೆಬ್ರವರಿ 1ರಂದು ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಐಕಳದ ಕರೆಯಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ನೂರು ಮೀಟರಿಗೆ 9.55 ಎಂದು ಪತ್ರಿಕೆಗಳು ಬರೆದವು. (ಸರಿಯಾಗಿ ಭಾಗಿಸಿದರೆ 9.56, ಇರಲಿ.) ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ 9.58ರ ಪಕ್ಕ ಅದನ್ನಿಟ್ಟು ದೇಶವೇ ಬೆರಗಾಯಿತು. ಆ ಬೆರಗು ಆರುವ ಮೊದಲೇ ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು 143 ಮೀಟರನ್ನು 13.61ರಲ್ಲಿ ಮುಗಿಸಿ ಪಟ್ಟ ಕಸಿದುಕೊಂಡರು. ಮುಂದಿನ ವರ್ಷ ಅದು ಬೈಂದೂರಿನ ವಿಶ್ವನಾಥರ ಪಾಲಾಯಿತು. 2021ರ ಮಾರ್ಚ್‌ನಲ್ಲಿ ಗೌಡರು ವೇಣೂರಿನಲ್ಲಿ 125 ಮೀಟರನ್ನು 11.21ರಲ್ಲಿ ಓಡಿ ಅದನ್ನು ಮರಳಿ ಪಡೆದರು. ಅನಂತರ ಬಂಟ್ವಾಳದ ಕಕ್ಯಪದವಿನಲ್ಲಿ ಇನ್ನೂ ಕಡಿಮೆ, 8.78!

ಕರೆಗಳ ಉದ್ದ ಒಂದೊಂದು ಕಡೆ ಒಂದೊಂದು. ಬೋಲ್ಟ್ ಓಡಿದ್ದು ಒಣ ಹಾದಿಯಲ್ಲಿ, ಸ್ವಂತ ಕಾಲಬಲದಿಂದ. ಇಲ್ಲಿ ಕೆಸರು, ಮುಂದೆ ಎಳೆದೊಯ್ಯುವ ಜೋಡಿ ಕೋಣ. ಭಾಗಾಕಾರದಲ್ಲಿ ಕೋಣಗಳ ಪಾಲನ್ನು ಕಳೆಯುವವರಾರು? ಕ್ರೀಡಾ ಪ್ರಾಧಿಕಾರ ಪರೀಕ್ಷೆಗೆ ಕರೆದಾಗ ಗೌಡರು ಒಪ್ಪಲಿಲ್ಲ. ಅಲ್ಲಿ ಓಡುವುದು ಕಾಲ್ಬೆರಳ ಮೇಲೆ, ಕಂಬಳದಲ್ಲಿ ಹಿಮ್ಮಡಿಯ ಮೇಲೆ. ಮೇಲಾಗಿ ವೇಗದಲ್ಲಿ ಕೋಣಗಳಿಗೂ ಪಾಲಿದೆ ಎಂದರು.