ಬೀಟಲ್ಸ್ ಮೇಳ ಒಡೆದ ಕತಿ

ಇಂಗ್ಲೆಂಡಿನ ಲಿವರ್‌ಪೂಲ್ ಅಂದರ ಹಡಗು ಬಂದು ನಿಲ್ಲುವ ಊರು. ಆ ಊರಿನ ನಾಲ್ಕು ಹುಡುಗರ ಮೇಳದ ಹೆಸರು ಬೀಟಲ್ಸ್. ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಈ ಮೂವರು ಗಿಟಾರದವರು, ರಿಂಗೋ ಸ್ಟಾರ್ ಡ್ರಮ್ ಬಾರಿಸುವವ. ನಮ್ಮ ವಾಚನಾಲಯದ ಪುಸ್ತಕದಾಗ ಇವರ ಸುದ್ದಿ ಯಾಕ ಅಂತ ಗುರುಗಳು ಕೇಳಬಹುದು. ನಾನು ಜತ್ತ ತಾಲೂಕಿನ ಮಳಿ ನಂಬಿದ ಹೊಲದಾಗ ಒಕ್ಕಲುತನ ಮಾಡುವವ, ಗೀಗೀ ಮೇಳದಾಗ ದಪ್ಪು ಹಿಡಿದು ಹಾಡುವವ. ಇಂಗ್ಲಿಷ್ ಬರೂದಿಲ್ಲ. ಪುಣೆದಾಗ ಕಲಿಯುವ ಮೊಮ್ಮಗ ದೀಪಾವಳಿಗೆ ಬಂದಾಗ "ಮುತ್ಯಾ, ಇದು ನಿನ್ನಂಥವರ ಪಿಚ್ಚರ, ನೋಡು" ಅಂತ ಮೊಬೈಲ್ ತೋರಿಸಿದ. ಎಂಟು ತಾಸಿನ ಹತ್ತಿರ ಆಗತದ. ನಾಲ್ಕು ರಾತ್ರಿ ಕುಂತು ನೋಡಿದಿವಿ. ಮಾತಿನ ಅರ್ಥ ಅವ ಹೇಳಿದ. ಹಾಡಿಂದು ಹೇಳಬೇಕಾಗಲಿಲ್ಲ.

ಇದು ವೇಷ ಹಾಕಿ ಆಡಿದ್ದಲ್ಲ. 1969ರ ಜನವರಿದಾಗ ಅವರು ಹೊಸ ಹಾಡು ಕಟ್ಟಲಿಕ್ಕೆ ಕುಂತಾಗ ಮೈಕಲ್ ಲಿಂಡ್ಸೆ-ಹಾಗ್ ಅನ್ನುವವರು ಕ್ಯಾಮೆರಾ ಇಟ್ಟು ತೆಗೆದದ್ದು. ಸುಮಾರು 60 ತಾಸಿನ ಫಿಲಂ, 150 ತಾಸಿನ ಧ್ವನಿ. ಅದರಾಗ ಒಂದೂವರೆ ತಾಸಿಗೂ ಕಡಿಮಿ ಕತ್ತರಿಸಿ 1970ರಾಗ 'ಲೆಟ್ ಇಟ್ ಬಿ' ಅಂತ ಪಿಚ್ಚರ ಬಿಟ್ಟರು. ಅಷ್ಟೊತ್ತಿಗೆ ಮೇಳ ಒಡೆದಿತ್ತು. ನೋಡಿದ ಮಂದಿ, ಜಗಳಾಡಿ ಹಾಳಾದರು ಇವರು ಅಂದರು. ಐವತ್ತು ವರ್ಷ ಅದೇ ಮಾತು. 2021ರಾಗ ನ್ಯೂಜಿಲೆಂಡಿನ ನಿರ್ದೇಶಕ ಪೀಟರ್ ಜಾಕ್ಸನ್ ಅದೇ ಪೆಟ್ಟಿಗಿ ತೆರೆದು ಮೂರು ಭಾಗದ 'ಗೆಟ್ ಬ್ಯಾಕ್' ಮಾಡಿದರು. ಫಿಲಂ ಅದೇ, ಮಂದಿ ಅವರೇ, ಕತಿ ಬ್ಯಾರೆ.

ಹೊಸದರಾಗ ಜಗಳ ಮುಚ್ಚಿಟ್ಟಾರ ಅಂತ ತಿಳೀಬ್ಯಾಡ್ರಿ. ಹಳೇ ಪಿಚ್ಚರದಾಗ ಪಾಲ್ ಮತ್ತು ಜಾರ್ಜ್ ನಡುವಿನ ಒಂದು ಸಣ್ಣ ತಕರಾರಿತ್ತು. ಆದರ ಜನವರಿ 10ಕ್ಕ ಜಾರ್ಜ್ ಮೇಳನ ಬಿಟ್ಟು ಎದ್ದು ಹೋದದ್ದು ಅದರಾಗ ಇರಲಿಲ್ಲ. ಹೊಸದರಾಗ ಅದು ಅದ. ಅವ ಹೋದ ಮ್ಯಾಲೆ ಜಾನ್, ಅವ ಬರದಿದ್ದರ ಎರಿಕ್ ಕ್ಲಾಪ್ಟನ್‌ನ ಕರಸೂಣು ಅಂತಾನ. ನನಗ ನಗಿ ಬಂತು. ನಮ್ಮ ಮೇಳದಾಗೂ ತಾಳದವ ಸಿಟ್ಟಾಗಿ ಹೋದಾಗ ಬಾಜೂ ಊರಿನ ತಾಳದವನ ಹೆಸರು ತಗೊಂಡಿದ್ದಿವಿ. ಹತ್ತು ಹನ್ನೊಂದು ದಿವಸಕ್ಕ ಜಾರ್ಜ್ ತಿರುಗಿ ಬಂದು ಗಿಟಾರ ಹಿಡಿದು ಕುಂತ. ಮುಂದ ಬಿಲ್ಲಿ ಪ್ರೆಸ್ಟನ್ ಅನ್ನುವ ಪಿಯಾನೊದವ ಬಂದ. ಬೀಗರು ಬಂದ ಮನ್ಯಾಗ ಗಂಡ ಹೆಂಡತಿ ಹ್ಯಾಂಗ ಮೆತ್ತಗ ಮಾತಾಡತಾರ, ಹಂಗ ಎಲ್ಲಾರ ಮುಖ ಅರಳಿತು. ಹೋದದ್ದು ತೋರಿಸಿ ಬಂದದ್ದೂ ತೋರಿಸಿದರ ಜಗಳ ಹಗುರ ಕಾಣತದ. ಬರೇ ತಕರಾರು ಕತ್ತರಿಸಿ ಇಟ್ಟರ ಅದೇ ದೊಡ್ಡದಾಗತದ.

ನನಗ ಎಲ್ಲಾಕಿಂತ ಸೇರಿದ್ದು ಹಾಡು ಹುಟ್ಟುವ ಜಾಗಾ. ಮುಂಜಾನೆ ಜಾನ್ ಇನ್ನೂ ಬಂದಿಲ್ಲ. ಜಾರ್ಜ್ ಆಕಳಿಸತಾನ, ರಿಂಗೋ ಸುಮ್ಮನ ಕುಂತಾನ. ಪಾಲ್ ಬಾಸ್ ಗಿಟಾರದ ತಂತಿ ಒಂದೇ ಸವನ ಬಡಿಯುತ್ತ ಅರ್ಥ ಇಲ್ಲದ ಅಕ್ಷರ ಗುನುಗತಾನ. ನೋಡ್ತಾ ನೋಡ್ತಾ ಅದು 'ಗೆಟ್ ಬ್ಯಾಕ್' ಹಾಡಾಗತದ. ಪದ ಆಮ್ಯಾಲೆ, ಮೊದಲ ದಾಟಿ. ರಾಶಿ ಮಾಡುವಾಗ ನಮಗೂ ಹಿಂಗ ಹತ್ತೂದು.

ಆ ಹಾಡಿಗೆ ಮೊದಲ ಬ್ಯಾರೆ ಮಾತಿದ್ದವು. ಅದರ ಹಿಂದಿನ ವರ್ಷ, 1968ರಾಗ, ಎನೊಕ್ ಪೊವೆಲ್ ಅನ್ನುವ ಪುಢಾರಿ ವಲಸೆ ಬಂದವರ ವಿರುದ್ಧ ಭಾಷಣ ಮಾಡಿ ದೇಶದಾಗ ಗದ್ದಲ ಎಬ್ಬಿಸಿದ್ದ. ನಮ್ಮ ಕಡೆಯಿಂದ, ಪಾಕಿಸ್ತಾನದಿಂದ ಹೋದವರಿಗೆ ತಿರುಗಿ ಹೋಗ್ರಿ ಅನ್ನುವವರನ್ನ ಅಣಕಿಸಿ ಪಾಲ್ ಹಾಡತಿದ್ದ. ಕಡಿಗೆ ಆ ಮಾತು ತೆಗೆದುಬಿಟ್ಟರು. ಗಡಿ ಊರಾಗ ಇರೋ ನಮಗ, ನಿಮ್ಮ ಕಡೆ ಹೋಗ್ರಿ ಅನ್ನುವ ಮಾತು ಹೊಸದಲ್ಲ. ನಮ್ಮ ಕಡೆ ಅಂದರ ಇದೇ ಹೊಲ, ಇದೇ ಬಾವಿ. ಆ ಮಾತು ಉಳೀಬೇಕಿತ್ತೋ ಏನೋ ಅನಿಸಿತು ನನಗ.

ಮೊಮ್ಮಗ ಇನ್ನೊಂದು ತೋರಿಸಿದ, 'ಡೈಸಿ ಜೋನ್ಸ್ ಆ್ಯಂಡ್ ದಿ ಸಿಕ್ಸ್' ಅಂತ 2023ರ ಹತ್ತು ಕಂತಿನ ಧಾರಾವಾಹಿ. ಆ ಮೇಳ ಖರೆ ಇದ್ದದ್ದಲ್ಲ, ಒಂದು ಕಾದಂಬರಿಯಿಂದ ಎತ್ತಿದ್ದು. ನಟರು ಛಲೋ ಮಾಡ್ಯಾರ, ಹಾಡೂ ಛಲೋ. ಎರಡು ಕಂತು ನೋಡಿ ಬಿಟ್ಟೆ. ನಾನು ಸಣ್ಣಾಟ ನೋಡಿ ಬೆಳೆದವ, ಆಟದ ಮ್ಯಾಲೆ ಸಿಟ್ಟಿಲ್ಲ. ಆದರ ಆಟದಾಗ ಯಾರೂ ಆಕಳಿಸೂದಿಲ್ಲ. ಒಂದೇ ಸಾಲು ನಲವತ್ತು ಸಲ ಹಾಡಿ ಬ್ಯಾಸತ್ತು ಚಹಾ ಕುಡಿಯೂದು ಎಂಟು ತಾಸಿನ ಪಿಚ್ಚರದಾಗಷ್ಟೇ ಸಿಗತದ.

ಬೀಟಲ್ಸ್ ಯಾಕ ಒಡೀತು ಅಂದರ ಮಂದಿ ಜಾನ್‌ನ ಜೋಡಿ ಬರುತ್ತಿದ್ದ ಯೋಕೊ ಓನೊ ಹೆಸರು ಹೇಳತಾರ. ಪಿಚ್ಚರದಾಗ ಆಕಿ ಬಹಳ ಹೊತ್ತು ಸುಮ್ಮನ ಬಾಜೂಕ ಕುಂತಿರತಾಳ, ಪೇಪರ ಓದತಾಳ. ಮುಂದ ಐವತ್ತು ವರ್ಷಕ್ಕ ಮಂದಿ ಈಕಿ ಮ್ಯಾಲೆ ಹಾಕತಾರ ಅಂತ ಪಾಲ್ ಆವಾಗ ಚಾಷ್ಟಿ ಮಾಡ್ಯಾನ! ರೊಕ್ಕದ ಕಾರಭಾರ ಯಾರು ನೋಡಬೇಕು ಅನ್ನುವುದರಾಗ ಮೂವರು ಒಂದು ಕಡೆ, ಪಾಲ್ ಒಂದು ಕಡೆ ಆಗಿದ್ದು ದೊಡ್ಡ ಕಾರಣ. ಅದನ್ನ ಯಾರೂ ಕಟ್ಟಿ ಮ್ಯಾಲೆ ಕುಂತು ಮಾತಾಡೂದಿಲ್ಲ.

ನಮ್ಮ ಮೇಳದ ಬಗ್ಗೆನೂ ಊರಾಗ ಒಂದು ಕತಿ ಅದ. ಇಪ್ಪತ್ತಾರು ವರ್ಷ ನನ್ನ ಜೋಡಿ ತುಂತುಣಿ ಬಾರಿಸಿ ಹಾಡಿದ ಗೆಳೆಯ, ಒಂದು ಜಾತ್ರಿ ಸುಪಾರಿ ರೊಕ್ಕಕ್ಕ ಜಗಳಾಡಿ ಬಿಟ್ಟು ಹೋದ ಅಂತ. ಜಗಳ ಆಗಿದ್ದು ಖರೆ. ಆದರ ಅದರ ಮ್ಯಾಲೆ ಎರಡು ವರ್ಷ ಕೂಡಿ ಹಾಡೀವಿ. ಅವ ಹೋದದ್ದು ಬರ ಬಿದ್ದು, ಮಗನ ಕೂಡ ಇಚಲಕರಂಜಿ ಮಗ್ಗಕ್ಕ. ತೀರಿ ಆರು ವರ್ಷ ಆತು. ನಮ್ಮನ್ನ ಯಾರೂ 60 ತಾಸು ತೆಗೆದಿಟ್ಟಿಲ್ಲ. ಜಾತ್ರ್ಯಾಗ ಯಾರೋ ತುಂಬಿದ ಒಂದು ಕ್ಯಾಸೆಟ್ಟು ಅದ. ಅದರಾಗ ಮುಂದ ಕುಂತ ನನ್ನ ದಪ್ಪಿನ ಸಪ್ಪಳದಾಗ ಅವನ ಧ್ವನಿ ಮುಚ್ಚಿಹೋಗೇದ.

ಜಾಕ್ಸನ್ ಅವರ ಮಂದಿ ಒಂದೇ ಟೇಪಿನಾಗ ಕೂಡಿದ್ದ ಮಾತು, ವಾದ್ಯ ಎಲ್ಲಾ ಕಂಪ್ಯೂಟರಿನಿಂದ ಬ್ಯಾರೆ ಬ್ಯಾರೆ ಮಾಡಿದರು. ಅದೇ ವಿದ್ಯಾದಿಂದ, 1980ರಾಗ ಕೊಲಿಯಾದ ಜಾನ್ ಮನ್ಯಾಗ ಪಿಯಾನೊ ಬಾರಿಸುತ್ತ ಕ್ಯಾಸೆಟ್ಟಿಗೆ ಹಾಡಿದ್ದ ಧ್ವನಿ ಬಿಡಿಸಿ, 2023ರಾಗ ಪಾಲ್ ಮತ್ತು ರಿಂಗೋ 'ನೌ ಆ್ಯಂಡ್ ದೆನ್' ಹಾಡು ಪೂರಾ ಮಾಡಿದರು. 2001ರಾಗ ತೀರಿದ ಜಾರ್ಜ್‌ನ ಹಳೇ ಗಿಟಾರ ಸೈತ ಅದರಾಗ ಅದ. ಈಗ ಸಣ್ಣ ಪ್ರಮಾಣದಾಗ ಇದನ್ನ ಮೊಬೈಲಿನಾಗ ಮಾಡಲಿಕ್ಕೆ ಬರತದ ಅಂತ ಮೊಮ್ಮಗ ಕ್ಯಾಸೆಟ್ಟು ಪುಣೆಗೆ ಒಯ್ದ.

ಸಂಕ್ರಾಂತಿಗೆ ಕಳಿಸಿದ. ದಪ್ಪು ಪೂರಾ ಹೋಗಿಲ್ಲ, ದೂರ ಸರಿದದ. ಗೆಳೆಯನ ಧ್ವನಿ ಮುಂದ ಬಂದದ. ಒಂದು ಪದ ಮುಗಿದು ಇನ್ನೊಂದು ಹತ್ತುವ ನಡುವ ಅವ ನನಗ ಅಂತಾನ, "ಸುಣ್ಣದ ಡಬ್ಬಿ ಎಲ್ಲಿಟ್ಟೀಯೋ?" ನಾನು ಏನೋ ಅಂದೀನಿ, ತಿಳೀವಲ್ದು. ಇಬ್ಬರೂ ನಕ್ಕೀವಿ. ಅವನ ಹೆಂಡತಿ ಈಗ ಊರಿಗೆ ಬಂದು ಅದಾಳ. ಮೊಬೈಲ್ ಒಯ್ದು ಕೇಳಿಸಿದೆ. ಪದ ಕೇಳಿ ಸೆರಗು ಸರಿ ಮಾಡಿಕೊಂಡು ಸುಮ್ಮನ ಕುಂತಳು. ಆಮ್ಯಾಲೆ ಅಂದಳು, "ಅಣ್ಣಾರ, ಆ ಸುಣ್ಣದ ಡಬ್ಬಿದು ಇನ್ನೊಮ್ಮಿ ಹಚ್ಚರಿ."