ಆರು ನಿಮಿಷದ ಲೆಕ್ಕ

ನಮ್ಮ ಶಾಖೆಗೆ ಹೊಸದಾಗಿ ಬಂದ ಕೌಂಟರ್ ಹುಡುಗ ನಿಧಾನ ಅಂತ ಎಲ್ಲರ ದೂರು. ಒಬ್ಬ ಗ್ರಾಹಕರಿಗೆ ಸರಾಸರಿ 6 ನಿಮಿಷ ಅನ್ನೋದು ನಾವೇ ಹಾಕಿಕೊಂಡ ಲೆಕ್ಕ. ಅವನಿಗೊಂದು ಮೆಮೊ ಕೊಡೋದು ಅಂತ ನಾನು ಮನಸ್ಸಲ್ಲೇ ತೀರ್ಮಾನಿಸಿಯೂ ಆಗಿತ್ತು. ಆದರೂ ಇರಲಿ ಅಂತ ಒಂದು ವಾರ ಹತ್ತಕ್ಕೊಂದರಂತೆ 25 ಟೋಕನ್‌ಗಳ ಸಮಯ ಬರೆದಿಟ್ಟೆ. ಸರಾಸರಿ 6.8 ಬಂತು. ಸಿಕ್ಕಿಬಿದ್ದ ಅಂದುಕೊಂಡೆ!

ರಾತ್ರಿ ಡೊಂಬಿವಲಿಯ ಮನೆಯಲ್ಲಿ ಊಟ ಮಾಡ್ತಾ ಮಗಳಿಗೆ ಹೇಳಿದೆ. ಅವಳು ಸಂಖ್ಯಾಶಾಸ್ತ್ರದ ವಿದ್ಯಾರ್ಥಿನಿ. "ಅಪ್ಪಾ, ಇನ್ನೊಂದು ವಾರ ಬೇರೆ 25 ಜನ ಬಂದಿದ್ರೆ ಎಷ್ಟು ಬರ್ತಿತ್ತು?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಲ್ಯಾಪ್‌ಟಾಪ್‌ನಲ್ಲಿ 'ಆರ್' ಅನ್ನೋ ಪುಕ್ಕಟೆ ತಂತ್ರಾಂಶ ತೆರೆದಳು. "ಮೊದಲು ಅವನ ನಿಜವಾದ ಸರಾಸರಿ 6 ಅಂತಲೇ ಇಟ್ಕೋ. ಪಿ-ಮೌಲ್ಯ 0.05ಕ್ಕಿಂತ ಕಡಿಮೆ ಬಂದ್ರೆ ಮಾತ್ರ ನಿನ್ನ ದೂರು ಒಪ್ಪೋದು. ಈಗಲೇ ಹೇಳಿದೀನಿ" ಅಂದಳು. ಅಂಕಿಗಳನ್ನು ಹಾಕಿ ಒಂದೇ ಸಾಲು ಬರೆದದ್ದಷ್ಟೇ, ಉತ್ತರ ಬಂತು. ಬಿಕಾಂನಲ್ಲಿ ಪುಸ್ತಕದ ಕೊನೆಯ ಟಿ-ಕೋಷ್ಟಕದ ಮೇಲೆ ಬೆರಳಾಡಿಸಿ ನಾವು ಮಾಡ್ತಿದ್ದದ್ದೇ ಇದು! ಗಿನ್ನೆಸ್ ಬಿಯರ್ ಕಾರ್ಖಾನೆಯ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಅನ್ನೋ ಹೆಸರಲ್ಲಿ ಪ್ರಕಟಿಸಿದ ಲೆಕ್ಕ.

ಸಮಯಗಳ ಏರುಪೇರು, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, 2.5 ನಿಮಿಷ. ಅದನ್ನು 25ರ ವರ್ಗಮೂಲದಿಂದ ಭಾಗಿಸಿದರೆ 0.5. ನನ್ನ 0.8ರ ವ್ಯತ್ಯಾಸವನ್ನು ಇದರಿಂದ ಭಾಗಿಸಿದರೆ ಟಿ 1.6. ಪಿ ಬಂದದ್ದು 0.12. ತಂತ್ರಾಂಶ ತಾನಾಗಿಯೇ ಹೆಚ್ಚು-ಕಡಿಮೆ ಎರಡೂ ಕಡೆ ನೋಡತ್ತಂತೆ. ನನ್ನ ದೂರು ಮೊದಲಿಂದಲೂ 'ಹೆಚ್ಚು' ಅನ್ನೋದೇ ಆದ್ದರಿಂದ ಒಂದೇ ಕಡೆ ನೋಡೋಕೆ ಹೇಳಿದೆವು. 0.06 ಆಯ್ತು. ಅಂದರೆ ಅವನ ನಿಜವಾದ ಸರಾಸರಿ 6 ಇದ್ದರೂ, ನೂರು ವಾರದಲ್ಲಿ ಸುಮಾರು ಆರು ವಾರ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ಬರಬಹುದು.

"ಹತ್ತಿರ ಬಂತಲ್ಲೇ, ಗೆರೆಯನ್ನ 0.10ಕ್ಕೆ ಸರಿಸೋಣ" ಅಂದೆ.

"ಕಂತಿನ ದಿನ ದಾಟಿದ ಮೇಲೆ ಸಾಲಗಾರರಿಗೆ ನೀನು ತಾರೀಕು ಸರಿಸಿ ಕೊಡ್ತೀಯಾ?"

ಸುಮ್ಮನಾದೆ ಮಾರಾಯ್ರೆ. ಹುಡುಗ ಚುರುಕು ಅಂತ ಇದರಿಂದ ಸಾಬೀತಾಗಲಿಲ್ಲ. ನಿಧಾನ ಅನ್ನೋಕೂ ಪುರಾವೆ ಸಾಲದು, ಅಷ್ಟೇ. ಮಾರನೇ ದಿನ ಪಟ್ಟಿ ಮತ್ತೆ ನೋಡಿದೆ. 13 ನಿಮಿಷ ಹಿಡಿದದ್ದು ಪಿಂಚಣಿಯ ಅಜ್ಜಿಯೊಬ್ಬರ ಟೋಕನ್. ಮೆಮೊ ಬರೀಲಿಲ್ಲ.

ಕುಂದಾಪುರದಿಂದ ಹೊಸದಾಗಿ ಬಂದು, ಮರಾಠಿ ತಡವರಿಸ್ತಾ ಕೌಂಟರ್‌ನಲ್ಲಿ ಕೂತಿದ್ದಾಗ ನನಗೂ ಅಂಥದೊಂದು ಮೆಮೊ ಸಿಕ್ಕಿತ್ತು. ಆಗ ಯಾರೂ ಟೋಕನ್ ಎಣಿಸಿರಲಿಲ್ಲ.